ಮೆಜೆಸ್ಟಿಕ್‌ನಿಂದ ಹತ್ತೊಂಬತ್ತು ಅಂಗುಲ

ಅಂಗುಲಕ್ಕೊಂದು ಮೈಲಿ ಅಳತೆಯ ಹಳೆಯ ಸರ್ವೆ ನಕ್ಷೆಯಲ್ಲಿ ಮೆಜೆಸ್ಟಿಕ್‌ನಿಂದ ಸಾವನದುರ್ಗದ ನೆತ್ತಿಗೆ ಗೆರೆ ಎಳೆದರೆ ಅದು ಹತ್ತೊಂಬತ್ತು ಅಂಗುಲ ಉದ್ದವಾಗುತ್ತದೆ. ನೆಲದ ಮೇಲೆ ಮೂವತ್ತೊಂದು ಕಿಲೋಮೀಟರ್ ಆಸುಪಾಸು. ಆದರೆ ಈ ಗೆರೆ ಒಂದೇ ಹಾಳೆಯಲ್ಲಿ ಮುಗಿಯುವುದಿಲ್ಲ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಲೆಕ್ಕದಲ್ಲಿ ಮೆಜೆಸ್ಟಿಕ್ ಇರುವುದು 57 ಎಚ್/9 ಹಾಳೆಯಲ್ಲಿ, ಸಾವನದುರ್ಗ ಇರುವುದು ಪಕ್ಕದ 57 ಎಚ್/5ರಲ್ಲಿ. ನಾಗರಬಾವಿಯ ಹತ್ತಿರ ಒಂದು ಹಾಳೆ ಮುಗಿದು ಇನ್ನೊಂದು ಶುರುವಾಗುತ್ತದೆ. ಉತ್ತರಕ್ಕೂ ಇಂಥದೇ ಅಂಚು: 13ನೇ ಅಕ್ಷಾಂಶ ಮಲ್ಲೇಶ್ವರದ ಮೇಲೆಯೇ ಹಾದುಹೋಗುವುದರಿಂದ ಆ ಬಡಾವಣೆಯ ಉತ್ತರದ ಭಾಗ 57 ಜಿ/12ಕ್ಕೆ ಸೇರಿದೆ, ದಕ್ಷಿಣದ ಭಾಗ 57 ಎಚ್/9ಕ್ಕೆ. ಊರಿನ ಜನರಿಗೆ ಒಂದೇ ಆಗಿರುವ ಮಲ್ಲೇಶ್ವರ ನಕ್ಷೆಯಲ್ಲಿ ಎರಡು.

ಹಾಳೆಗಳನ್ನು ಅಂಚಿಗೆ ಅಂಚು ಸೇರಿಸಿ ನೆಲದ ಮೇಲೆ ಹಾಸಿದಾಗಲೇ ವಿಷಯ ತಿಳಿಯುವುದು. ಪೂರ್ವದ ಹಾಳೆಯಲ್ಲಿ ಊರು, ಕೆರೆ, ರಸ್ತೆ. ಪಶ್ಚಿಮದ ಹಾಳೆಗೆ ದಾಟಿದ ಕೂಡಲೇ ಕಂದು ಗೆರೆಗಳು ಒತ್ತೊತ್ತಾಗಿ ಸುತ್ತಿಕೊಳ್ಳುತ್ತವೆ. ಮಾಗಡಿ, ಸಾವನದುರ್ಗ, ರಾಮನಗರ. ಉತ್ತರದಲ್ಲಿ ಶಿವಗಂಗೆ, ನಂದಿ. ಇನ್ನೂ ಪಶ್ಚಿಮಕ್ಕೆ ಹುತ್ರಿದುರ್ಗ, ಹುಲಿಯೂರುದುರ್ಗ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ತಣ್ಣಗೆ ಕುಳಿತ ಬೆಂಗಳೂರಿನ ಬಯಲು ಪಶ್ಚಿಮಕ್ಕೂ ದಕ್ಷಿಣಕ್ಕೂ ಮುರಿದು, ಬಂಡೆ-ಕೊಳ್ಳಗಳ ನಡುವೆ ಕಾವೇರಿಯತ್ತ ಇಳಿಯುವ ಜಾಗ ಇದು. ಮೆಜೆಸ್ಟಿಕ್‌ನಲ್ಲಿ ಮಾಗಡಿ, ಕನಕಪುರ, ರಾಮನಗರದ ಬಸ್ಸು ಹತ್ತುವವರೆಲ್ಲ ದಿನವೂ ಈ ಅಂಚನ್ನು ದಾಟುತ್ತಾರೆ. ಆ ಬೆಟ್ಟಸೀಮೆಯ ನಕ್ಷೆ ಹುಟ್ಟಿದ ಬಗೆಯೂ, ಅದನ್ನು ನಾವೀಗ ಯಾಕೆ ಓದಬೇಕು ಎಂಬುದೂ ಈ ಲೇಖನದ ವಿಷಯ.

ನಕ್ಷೆಯ ಹಸಿವು ಮೊದಲು ಹುಟ್ಟಿದ್ದು ಸೈನ್ಯಕ್ಕೆ. 1791ರ ಮಾರ್ಚ್ 7ರಂದು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಪಡೆ ಬೆಂಗಳೂರಿನ ಪೇಟೆಯನ್ನು ನುಗ್ಗಿ ಹಿಡಿಯಿತು. ಎರಡು ವಾರದ ನಂತರ, 21ರ ರಾತ್ರಿ, ಕೋಟೆ ಬಿತ್ತು. ಇನ್ನೇನು ಶ್ರೀರಂಗಪಟ್ಟಣ ಎಂದುಕೊಂಡು ಮೇ ತಿಂಗಳಲ್ಲಿ ಹೊರಟ ಸೈನ್ಯ ಕಾನಕಾನಹಳ್ಳಿಯ, ಅಂದರೆ ಇಂದಿನ ಕನಕಪುರದ, ಕಾಡು-ಕೊಳ್ಳಗಳ ದಾರಿ ಹಿಡಿಯಿತು. ಟಿಪ್ಪುವಿನ ಕಡೆಯವರು ಮೇವು, ಧಾನ್ಯ ಏನೂ ಸಿಗದಂತೆ ಮಾಡಿದ್ದರು. ಮಳೆ ಹಿಡಿಯಿತು. ಎತ್ತುಗಳು ಸತ್ತವು. ರಾಜಧಾನಿಯ ಹೊಸ್ತಿಲವರೆಗೆ ಹೋದ ಕಾರ್ನ್‌ವಾಲಿಸ್ ತನ್ನ ಭಾರಿ ಫಿರಂಗಿಗಳನ್ನು ತಾನೇ ಒಡೆದು ಹಾಕಿ ಬೆಂಗಳೂರಿಗೆ ಹಿಂದಿರುಗಬೇಕಾಯಿತು. ಆ ಸೋಲಿನಲ್ಲಿ ಹಸಿವು ಮತ್ತು ಮಳೆಯಷ್ಟೇ ಪಾಲು ಗೊತ್ತಿಲ್ಲದ ನೆಲದ್ದೂ ಇತ್ತು.

ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಬ್ರಿಟಿಷರು ದುರ್ಗಗಳ ಬೆನ್ನು ಹತ್ತಿದರು. ಅಕ್ಟೋಬರ್ 19ರಂದು ನಂದಿದುರ್ಗ, ಡಿಸೆಂಬರ್ 21ರಂದು ಸಾವನದುರ್ಗ. ಬೆನ್ನಿಗೇ ರಾಮಗಿರಿ, ಹುತ್ರಿದುರ್ಗ. ಬೆಟ್ಟದ ಮೇಲಿನ ಕೋಟೆ ಕೈಯಲ್ಲಿಲ್ಲದಿದ್ದರೆ ಕೆಳಗಿನ ದಾರಿಯಲ್ಲಿ ಅಕ್ಕಿಯ ಮೂಟೆ ಸಾಗದು. ಮಾಗಡಿಯ ಕೆಂಪೇಗೌಡರ ವಂಶಕ್ಕೆ ಇದು ತಲೆಮಾರುಗಳಿಂದ ಗೊತ್ತಿದ್ದ ಸಂಗತಿ. ಸಾವನದುರ್ಗ ಅವರ ಕೊನೆಯ ಆಸರೆಯಾಗಿತ್ತು, 1728ರಲ್ಲಿ ಮೈಸೂರಿನ ದಳವಾಯಿ ಅದನ್ನು ಕಿತ್ತುಕೊಳ್ಳುವವರೆಗೆ.

1792ರಲ್ಲಿ ಲಂಡನ್ನಿನಲ್ಲಿ ಜೇಮ್ಸ್ ರೆನೆಲ್ ಈ ದಂಡಯಾತ್ರೆಗಳ ಹಾದಿಯನ್ನು ತೋರಿಸುವ ನಕ್ಷೆಯನ್ನೂ ವಿವರಣೆಯ ಪುಸ್ತಕವನ್ನೂ ಪ್ರಕಟಿಸಿದ. ಬಂಗಾಳವನ್ನು ಅಳೆದು 1777ರಲ್ಲೇ ಊರಿಗೆ ಮರಳಿದ್ದ ಆತ, ಕಾರ್ನ್‌ವಾಲಿಸ್ ಕಳಿಸಿದ ಕಾಗದಪತ್ರಗಳನ್ನು ನೋಡಿ ಮೈಸೂರನ್ನು ಬರೆದ. ಸೈನ್ಯ ನಡೆದ ಗೆರೆಯ ಎಡಬಲದಲ್ಲಿ ಒಂದಿಷ್ಟು ವಿವರ, ಅದರಾಚೆಗೆ ಊಹೆ. ಇಂಥ ನಕ್ಷೆಯಿಂದ ದಂಡಿಗೆ ದಾರಿ ಸಿಕ್ಕೀತು; ದೇಶ ಸಿಗುವುದಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು, ಟಿಪ್ಪು ಮಡಿದ ಮೇಲೆ ಗೆದ್ದವರು ರಾಜ್ಯವನ್ನು ಹಂಚಿಕೊಂಡರು. ಹಂಚಿಕೊಂಡದ್ದು ಎಷ್ಟು ಎಂದು ತಿಳಿಯುವುದಕ್ಕಾದರೂ ಅಳತೆ ಬೇಕಾಯಿತು. ಆಗ ಒಂದೇ ನೆಲದ ಮೇಲೆ ಎರಡು ಸ್ವಭಾವದ ಇಬ್ಬರು ಕೆಲಸ ಹಿಡಿದರು.

ಒಬ್ಬ ವಿಲಿಯಂ ಲ್ಯಾಂಬ್ಟನ್. 33ನೇ ರೆಜಿಮೆಂಟಿನ ಈ ಸೈನಿಕನ ಕಣ್ಣು ಸದಾ ಆಕಾಶದ ಮೇಲೆ. ಶ್ರೀರಂಗಪಟ್ಟಣದ ಮುತ್ತಿಗೆಯ ದಿನಗಳಲ್ಲಿ ಒಂದು ರಾತ್ರಿ ಪಡೆ ದಾರಿ ತಪ್ಪಿ ಶತ್ರುವಿನತ್ತಲೇ ನಡೆಯುತ್ತಿದ್ದಾಗ, ನಕ್ಷತ್ರಗಳನ್ನು ನೋಡಿ ದಿಕ್ಕು ಸರಿಯಿಲ್ಲವೆಂದು ಎಚ್ಚರಿಸಿದವನು ಇವನೇ ಎಂಬ ಕಥೆ ಸರ್ವೆಯ ಇತಿಹಾಸದಲ್ಲಿ ಪ್ರಸಿದ್ಧ. ಅವನ ಯೋಜನೆ ಸರಳವೂ ಹೌದು, ಹುಚ್ಚುಧೈರ್ಯದ್ದೂ ಹೌದು: ನೆಲದ ಮೇಲೆ ಒಂದೇ ಒಂದು ಗೆರೆಯನ್ನು ಕೂದಲೆಳೆಯ ತಪ್ಪೂ ಇಲ್ಲದಂತೆ ಅಳೆಯುವುದು, ಆ ಗೆರೆಯ ಎರಡು ತುದಿಯಿಂದ ದೂರದ ಬೆಟ್ಟದ ತುದಿಗೆ ಕೋನ ಹಿಡಿಯುವುದು, ತ್ರಿಕೋನದ ಲೆಕ್ಕದಿಂದ ಉಳಿದ ದೂರಗಳನ್ನು ಪಡೆಯುವುದು, ಆ ತ್ರಿಕೋನದ ಬೆನ್ನ ಮೇಲೆ ಇನ್ನೊಂದು ತ್ರಿಕೋನ, ಅದರ ಮೇಲೆ ಮತ್ತೊಂದು.

ಆ ಮೊದಲ ಗೆರೆಯನ್ನು ಅವನು 1800ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅಳೆದದ್ದು ಬೆಂಗಳೂರಿನಲ್ಲಿ, ಬಾಣಸವಾಡಿಯಿಂದ ಅಗರದವರೆಗೆ. ಇಂದಿನ ಇಂದಿರಾನಗರ, ದೊಮ್ಮಲೂರುಗಳ ಆಸುಪಾಸಿನ ಆ ಬಯಲಿನಲ್ಲಿ ಏಳೂವರೆ ಮೈಲಿಗೆ ತುಸು ಕಡಿಮೆ ಉದ್ದದ ಗೆರೆ. ಅಳತೆಗೆ ನೂರು ಅಡಿಯ ಉಕ್ಕಿನ ಸರಪಳಿ. ಚೀನಾದ ಚಕ್ರವರ್ತಿಗೆಂದು ಬ್ರಿಟಿಷ್ ರಾಯಭಾರಿಯ ಜೊತೆ ಹೋಗಿದ್ದ ಉಡುಗೊರೆಗಳ ಪೈಕಿ ಒಂದಾಗಿದ್ದ ಆ ಸರಪಳಿ ಅಲ್ಲಿ ಬೇಡವಾಗಿ, ಕೈಯಿಂದ ಕೈಗೆ ದಾಟಿ ಲ್ಯಾಂಬ್ಟನ್ನನ ಬಳಿ ಬಂದಿತ್ತು. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ, ನೆರಳಿಗೆ ಕುಗ್ಗುತ್ತದೆ. ಹಾಗಾಗಿ ಅಳತೆಯ ಜೊತೆಜೊತೆಗೇ ತಾಪಮಾನವನ್ನೂ ಬರೆದುಕೊಂಡು ಲೆಕ್ಕದಲ್ಲಿ ತಿದ್ದಬೇಕು. ನೆಲದ ಏರಿಳಿತವನ್ನು ತಿದ್ದಬೇಕು. ಬೆಂಗಳೂರು ಸಮುದ್ರಕ್ಕಿಂತ ಮೂರು ಸಾವಿರ ಅಡಿ ಮೇಲಿರುವುದರಿಂದ ಇಡೀ ಗೆರೆಯನ್ನೇ ಸಮುದ್ರ ಮಟ್ಟಕ್ಕೆ ಇಳಿಸಿ ಮತ್ತೆ ತಿದ್ದಬೇಕು.

ಇದು ಅಭ್ಯಾಸದ ಗೆರೆಯಂತಿತ್ತು. ಕೋನ ಅಳೆಯುವ, ಅರ್ಧ ಟನ್ ತೂಕದ ದೊಡ್ಡ ಥಿಯೋಡೊಲೈಟ್ ಯಂತ್ರ ಇಂಗ್ಲೆಂಡಿನಿಂದ ಬರುವ ದಾರಿಯಲ್ಲಿ ಫ್ರೆಂಚರ ಕೈಗೆ ಸಿಕ್ಕಿ ಮಾರಿಷಸ್‌ಗೆ ಹೋಗಿ, ಅಲ್ಲಿಂದ ಬಿಡುಗಡೆಯಾಗಿ ಮದ್ರಾಸಿಗೆ ತಲುಪಿತು. 1802ರ ಏಪ್ರಿಲ್‌ನಲ್ಲಿ ಸೇಂಟ್ ಥಾಮಸ್ ಮೌಂಟಿನ ಬಳಿ ಹೊಸ ಗೆರೆ ಅಳೆದು ಮಹಾ ತ್ರಿಕೋನಮಿತಿ ಸರ್ವೆ ಆರಂಭವಾಯಿತು. ತ್ರಿಕೋನಗಳ ಸರಣಿ ಮದ್ರಾಸಿನಿಂದ ಘಟ್ಟ ಹತ್ತಿ ಬೆಂಗಳೂರಿಗೆ ಬಂದಾಗ, 1804ರಲ್ಲಿ ಇಲ್ಲಿ ಮತ್ತೊಮ್ಮೆ ನೆಲದ ಗೆರೆಯನ್ನು ಅಳೆದು ನೋಡಿದರು. ಕೆಲಸದ ಹೊಣೆ ಲ್ಯಾಂಬ್ಟನ್ನನ ಸಹಾಯಕ ಜಾನ್ ವಾರನ್‌ನದು. ಮದ್ರಾಸಿನಿಂದ ಕಾಗದದ ಮೇಲೆ ಲೆಕ್ಕ ಹಾಕಿ ತಂದ ಉದ್ದಕ್ಕೂ ನೆಲದ ಮೇಲೆ ಸರಪಳಿ ಹಾಕಿದ ಉದ್ದಕ್ಕೂ, ಏಳು ಚಿಲ್ಲರೆ ಮೈಲಿಗೆ ಬಂದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ. ನೂರೈವತ್ತಕ್ಕೂ ಹೆಚ್ಚು ಮೈಲಿ ಬೆಟ್ಟ-ಕಾಡು ದಾಟಿ ಬಂದ ಲೆಕ್ಕವದು. ಆ ಸಂಖ್ಯೆಯನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಆಳುವವರ ಉದ್ದೇಶ ಏನೇ ಇರಲಿ, ಮನುಷ್ಯನ ಕೈ ಮತ್ತು ಬುದ್ಧಿ ಸೇರಿ ಮಾಡಿದ ದೊಡ್ಡ ಕೆಲಸಗಳಲ್ಲಿ ಇದೊಂದು, ಮತ್ತು ಅದು ನಮ್ಮೂರಿನ ಮಣ್ಣಿನ ಮೇಲೆ ನಡೆಯಿತು. (ಇದೇ ವಾರನ್ 1802ರಲ್ಲಿ ಮೈಸೂರಿನ ಪೂರ್ವದ ಗಡಿ ಅಳೆಯುತ್ತ ಕೋಲಾರದ ಬಳಿ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ಹೆಕ್ಕುವುದನ್ನು ಕಂಡು ವರದಿ ಮಾಡಿದವನು. ಸರ್ವೆಯವರು ಬರೀ ದೂರ ಅಳೆಯುತ್ತಿರಲಿಲ್ಲ.)

ಇನ್ನೊಬ್ಬ ಕಾಲಿನ್ ಮೆಕೆಂಜಿ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನು. ಮೈಸೂರು ಸರ್ವೆ ಅವನ ಪಾಲಿಗೆ ಬಂತು. ಸುಮಾರು 40,000 ಚದರ ಮೈಲಿ. ಲ್ಯಾಂಬ್ಟನ್‌ಗೆ ಬೆಟ್ಟದ ತುದಿ ಒಂದು ಬಿಂದು, ಕೋನ ಹಿಡಿಯಲು ಒಂದು ಗುರುತು. ಮೆಕೆಂಜಿಗೆ ಅದೇ ಬೆಟ್ಟದ ಹೆಸರು ಬೇಕು, ಅದರ ಬುಡದ ಊರು ಬೇಕು, ಊರಿನ ಕೆರೆ ಎಷ್ಟು, ದೇವಸ್ಥಾನ ಯಾವುದು, ಪಾಳೆಯಗಾರ ಯಾರು, ಶಾಸನ ಎಲ್ಲಿದೆ ಎಲ್ಲವೂ ಬೇಕು. ಸ್ಥಳೀಯ ಭಾಷೆಗಳು ಅವನಿಗೆ ಬರುತ್ತಿರಲಿಲ್ಲ. ಕಾವಲಿ ವೆಂಕಟ ಬೊರ‍್ರಯ್ಯ, ಅವನ ತಮ್ಮ ಲಕ್ಷ್ಮಯ್ಯ, ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಮೊದಲಾದವರು ಊರೂರು ತಿರುಗಿ ಶಾನುಭೋಗರ ಕಡತ ಬಿಡಿಸಿದರು, ಹಿರಿಯರ ಬಾಯಿಂದ ಕೇಳಿದರು, ಕಲ್ಲಿನ ಅಕ್ಷರ ನಕಲು ಮಾಡಿದರು. ಬೊರ‍್ರಯ್ಯ 1803ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಕೆಲಸ ನಿಲ್ಲಲಿಲ್ಲ.

ಮೆಕೆಂಜಿ 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. 1821ರಲ್ಲಿ ಕಲ್ಕತ್ತದಲ್ಲಿ ಸತ್ತ. ಅವನಿಗಾಗಿ ಊರವರು ಬರೆಸಿಕೊಟ್ಟ ಊರಿನ ವೃತ್ತಾಂತಗಳು, ಅಂದರೆ ಕೈಫಿಯತ್ತುಗಳು, ಉಳಿದವು. ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಪ್ರಕಟಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ಸಂಪುಟವನ್ನು ಓದುವವರಿಗೆ ಒಂದು ಸಂಗತಿ ಹೊಳೆಯದೆ ಇರದು: ನಕ್ಷೆಯ ಅಳತೆ ಹೊರಗಿನವರದಾದರೆ ಅದರ ಮೇಲಿನ ಅಕ್ಷರ ಪೂರ್ತಿ ಇಲ್ಲಿಯವರದು. ಹೆಸರು ಹೇಳದೆ ಬೆಟ್ಟ ಬೆಟ್ಟವಾಗುವುದಿಲ್ಲ. ಥಾಮಸ್ ಹಿಕಿ 1816ರಲ್ಲಿ ಬರೆದ ವರ್ಣಚಿತ್ರದಲ್ಲಿ ಕೆಂಪು ಸಮವಸ್ತ್ರದ ಮೆಕೆಂಜಿಯ ಜೊತೆ ಈ ದೇಶದ ಮೂವರು ಸಹಾಯಕರು ನಿಂತಿದ್ದಾರೆ, ಹಿಂದೆ ಗೊಮ್ಮಟನ ಮೂರ್ತಿ ಕಾಣುತ್ತದೆ. ಸರಪಳಿ ಎಳೆದವರು, ಬಾವುಟ ಹಿಡಿದು ಬೆಟ್ಟದ ತುದಿಯಲ್ಲಿ ಬಿಸಿಲಿಗೆ ನಿಂತವರು, ಕಣಿವೆಯ ಜ್ವರಕ್ಕೆ ಬಲಿಯಾದವರು ಆ ಚಿತ್ರದಲ್ಲೂ ಇಲ್ಲ, ನಕ್ಷೆಯ ಅಂಚಿನಲ್ಲೂ ಇಲ್ಲ. ಇದು ನನಗೆ ಸಣ್ಣ ಕೊರತೆಯಾಗಿ ಕಾಣುವುದಿಲ್ಲ.

ಇನ್ನು ಬೆಟ್ಟವನ್ನು ಕಾಗದದ ಮೇಲೆ ತೋರಿಸುವ ಬಗೆ. ಅಂದಿನವರು ಇಳಿಜಾರಿನ ದಿಕ್ಕಿಗೆ ಸಣ್ಣ ಸಣ್ಣ ಗೀರುಗಳನ್ನು ಎಳೆಯುತ್ತಿದ್ದರು. ಕಡಿದಾದ ಕಡೆ ಗೀರು ದಪ್ಪ, ಒತ್ತು. ಸೌಮ್ಯವಾದ ಇಳಿಜಾರಿನಲ್ಲಿ ತೆಳು, ವಿರಳ. ಆ ನಕ್ಷೆಗಳಲ್ಲಿ ಸಾವನದುರ್ಗ ಕಂಬಳಿಹುಳುವಿನಂತೆ ಮೈತುಂಬ ರೋಮ ನಿಮಿರಿಸಿ ಮಲಗಿರುತ್ತದೆ. ನೋಡಲು ಚೆಂದ. ಆದರೆ ಎತ್ತರ ಎಷ್ಟು ಎಂದು ಕೇಳಿದರೆ ಗೀರು ಉತ್ತರ ಕೊಡುವುದಿಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಇಡೀ ದೇಶಕ್ಕೆ ಬಣ್ಣದ ಹೊಸ ನಕ್ಷೆ ಮಾಡುವ ಕೆಲಸ ಆರಂಭವಾದಾಗ ಗೀರುಗಳ ಜಾಗಕ್ಕೆ ಸಮೋನ್ನತ ರೇಖೆಗಳು ಬಂದವು: ಒಂದೇ ಎತ್ತರದ ಜಾಗಗಳನ್ನೆಲ್ಲ ಜೋಡಿಸುವ ಕಂದು ಗೆರೆ. ಹಳೆಯ ಅಂಗುಲದ ಹಾಳೆಯಲ್ಲಿ ಗೆರೆಯಿಂದ ಗೆರೆಗೆ 50 ಅಡಿ. ಈಗಿನ 1:50,000 ಹಾಳೆಯಲ್ಲಿ 20 ಮೀಟರ್. ಸಾವನದುರ್ಗದ ಮಗ್ಗುಲಲ್ಲಿ ಗೆರೆಗಳು ಒಂದರ ಮೇಲೊಂದು ಬಿದ್ದು ಕಂದು ಪಟ್ಟಿಯಂತಾಗಿವೆ; ಅಲ್ಲಿ ಬಂಡೆ ನೆಟ್ಟಗೆ ನಿಂತಿದೆ ಎಂದರ್ಥ. ನೆತ್ತಿಯಲ್ಲಿ 1,226 ಮೀಟರ್.

ಆ ಬಂಡೆಗೂ ಒಂದು ನಕ್ಷೆಯಿದೆ. ಮೈಸೂರು ಸರ್ಕಾರ 1894ರಲ್ಲಿ ಭೂವಿಜ್ಞಾನ ಇಲಾಖೆ ತೆರೆಯಿತು. ಅದರ ಮುಖ್ಯಸ್ಥನಾಗಿದ್ದ ಡಬ್ಲ್ಯು.ಎಫ್. ಸ್ಮೀತ್‌ನ ಕಾಲದಲ್ಲಿ, 1915ರಲ್ಲಿ, ಇಡೀ ಸಂಸ್ಥಾನದ ಶಿಲಾನಕ್ಷೆ ಹೊರಬಂತು. ಸರ್ವೆಯ ಹಾಳೆಗಳಲ್ಲಿ ಬಿಡಿಬಿಡಿಯಾಗಿ ಕಾಣುವ ಸಾವನದುರ್ಗ, ರಾಮಗಿರಿ, ಶಿವಗಂಗೆಗಳೆಲ್ಲ ಒಂದೇ ಕಲ್ಲಿನ ಬಳ್ಳಿಯ ಗಂಟುಗಳೆಂದು ಭೂವಿಜ್ಞಾನಿಗಳು ತೋರಿಸಿದರು. ರಾಮನಗರಕ್ಕೆ ಆಗ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ನೆನಪಿನಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿದ್ದುದರಿಂದ ಈ ಕಲ್ಲಿಗೆ ಜಗತ್ತಿನಾದ್ಯಂತ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಹೆಸರು. ವಯಸ್ಸು ಸುಮಾರು 250 ಕೋಟಿ ವರ್ಷ. ಉತ್ತರ-ದಕ್ಷಿಣವಾಗಿ ನೂರಾರು ಕಿಲೋಮೀಟರ್ ಹರಡಿರುವ ಈ ಪಟ್ಟಿಯನ್ನು ಹೊಳೆಗಳು ದಾಟಬೇಕಾದರೆ ಇಕ್ಕಟ್ಟಿನ ಕಣಿವೆಗಳನ್ನೇ ಹುಡುಕಬೇಕು.

ಇಲ್ಲಿಂದ ನಕ್ಷೆ ನೀರಿನ ಕಥೆಯಾಗುತ್ತದೆ. ನನಗೆ ಈ ಹಾಳೆಗಳ ಮೇಲೆ ಇಷ್ಟು ಮೋಹ ಇರುವುದೂ ಇದೇ ಕಾರಣಕ್ಕೆ.

ಅರ್ಕಾವತಿ ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುತ್ತದೆ. ಅದು 57 ಜಿ/11. ಕುಮುದ್ವತಿ ಶಿವಗಂಗೆಯ ಬೆಟ್ಟಗಳಲ್ಲಿ. ಅದು 57 ಜಿ/4. ಇವೆರಡೂ ಮಾಗಡಿ ಕಡೆಯ ಗುಡ್ಡಗಳ ನಡುವೆ ತಿಪ್ಪಗೊಂಡನಹಳ್ಳಿಯಲ್ಲಿ ಸೇರುತ್ತವೆ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಕಂಡಿದ್ದ ಬೆಂಗಳೂರಿಗೆ ಕೆಲವೇ ದಶಕಗಳಲ್ಲಿ ಅದು ಸಾಲದಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ನೇತೃತ್ವದ ಸಮಿತಿ ಆರಿಸಿದ್ದು ತಿಪ್ಪಗೊಂಡನಹಳ್ಳಿಯ ಆ ಕೂಡುಜಾಗವನ್ನು. 1933ರಲ್ಲಿ ಅಲ್ಲಿ ಚಾಮರಾಜಸಾಗರ ಜಲಾಶಯ ಸಿದ್ಧವಾಯಿತು. ಎರಡು ಹೊಳೆ ಕೂಡಿ, ಬೆಟ್ಟಗಳು ಹತ್ತಿರ ಬಂದು, ಕೆಳಗೆ ಗಟ್ಟಿ ಬಂಡೆ ಇರುವ ಜಾಗವನ್ನು ಸಮೋನ್ನತ ರೇಖೆಗಳ ಮೇಲೆ ಬೆರಳಾಡಿಸಿದವರು ಯಾರೂ ಗುರುತಿಸಬಲ್ಲರು. 1974ರಲ್ಲಿ ಕಾವೇರಿ ಬರುವವರೆಗೆ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ನಲ್ಲಿಗಳಲ್ಲಿ ಬರುತ್ತಿದ್ದುದು ಈ ಬೆಟ್ಟಸೀಮೆಯ ನೀರೇ.

ಮೆಜೆಸ್ಟಿಕ್ಕಿನ ಮಳೆಯೂ ಅದೇ ಕಡೆಗೆ ಹೋಗುತ್ತದೆ. ಅಲ್ಲಿಂದ ಪೂರ್ವಕ್ಕೆ ನೆಲ ಏರುತ್ತದೆ. ಆ ಏರಿನ ಆಚೆ ಬಿದ್ದ ಹನಿ ದಕ್ಷಿಣ ಪಿನಾಕಿನಿಯ ಪಾಲು. ಈಚೆ ಬಿದ್ದದ್ದು ತಗ್ಗಿಗೆ ಇಳಿಯುತ್ತದೆ. ಆ ತಗ್ಗಿನಲ್ಲಿ ಇದ್ದದ್ದೇ ಧರ್ಮಾಂಬುಧಿ ಕೆರೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಅದು ಬತ್ತಿತು, ಮೈದಾನವಾಯಿತು, ಬಸ್ ನಿಲ್ದಾಣವಾಯಿತು. ಈಗ ಅದರಡಿ ಮೆಟ್ರೊ ಓಡುತ್ತಿದೆ. ಟ್ಯಾಂಕ್ ಬಂಡ್ ರಸ್ತೆ ಎಂಬ ಹೆಸರಿನಲ್ಲಿ ಕೆರೆಯ ಏರಿ ಮಾತ್ರ ಉಳಿದಿದೆ. ಮಳೆ ಜೋರಾದಾಗ ಓಕಳೀಪುರದ ಕಡೆ ನೀರು ನಿಂತರೆ ಅದನ್ನು ವಿಕೋಪ ಎನ್ನುತ್ತೇವೆ. ನಕ್ಷೆಯನ್ನು ನೋಡಿದವರಿಗೆ ಅದು ನೀರು ತನ್ನ ಹಳೆಯ ದಾರಿ ಹಿಡಿದದ್ದಷ್ಟೇ. ಅಲ್ಲಿಂದ ವೃಷಭಾವತಿಯ ಕಣಿವೆ ಕೆಂಗೇರಿ ದಾಟಿ, ಬಿಡದಿಯ ಬಳಿ 1940ರ ದಶಕದಲ್ಲಿ ಕಟ್ಟಿದ ಬೈರಮಂಗಲ ಜಲಾಶಯಕ್ಕೆ ಹಾದು, ಕೊನೆಗೆ ಕನಕಪುರದ ಕಡೆ ಅರ್ಕಾವತಿಯನ್ನು ಸೇರುತ್ತದೆ. ರಾಗಿ, ಭತ್ತಕ್ಕೆಂದು ಕಟ್ಟಿದ ಆ ಕೆರೆಗೆ ನಗರದಿಂದ ಈಗ ಹರಿದುಬರುವುದು ಕೊಳಚೆ, ರಾಸಾಯನಿಕ ಮತ್ತು ನೊರೆ. ಮೇಲಿನ ಊರಿನವರು ಮಾಡಿದ್ದನ್ನು ಕೆಳಗಿನ ಹಳ್ಳಿಯವರು ಉಣ್ಣುತ್ತಿದ್ದಾರೆ. ಇದಕ್ಕಿಂತ ದೊಡ್ಡ ಅನ್ಯಾಯ ಈ ಜಲಾನಯನದಲ್ಲಿ ಇನ್ನೊಂದಿಲ್ಲ.

ಹಳೆಯ ಹಾಳೆಗಳಲ್ಲಿ ಒಂದು ಕ್ರಮವಿದೆ: ವರ್ಷವಿಡೀ ನೀರಿರುವಲ್ಲಿ ನೀಲಿ, ಬೇಸಿಗೆಯಲ್ಲಿ ಬತ್ತುವ ಹಳ್ಳಗಳಿಗೆ ಕಪ್ಪು. ಸಾಗುವಳಿ ಹಳದಿ, ಕಾಡು ಹಸಿರು, ದಾರಿ ಮತ್ತು ಊರು ಕೆಂಪು. ಮಾಗಡಿ-ನೆಲಮಂಗಲದ ಹಾಳೆಗಳಲ್ಲಿ ಒಂದು ಗುಡ್ಡದ ಬುಡದಿಂದ ಹೊರಟ ಕಪ್ಪು ಎಳೆಗಳು ಕೆರೆಯಿಂದ ಕೆರೆಗೆ ಕೋಡಿ ಬಿದ್ದು ಮುಂದಿನ ಹೊಳೆಗೆ ಸೇರುವುದನ್ನು ಮನೆಯಲ್ಲೇ ಕೂತು ಹಿಂಬಾಲಿಸಬಹುದು. ಈಗ ಆ ಎಳೆಗಳ ಮೇಲೆ ನೀಲಗಿರಿ ತೋಪು, ಬಡಾವಣೆ, ಕಲ್ಲು ಕ್ವಾರಿ. ಅರ್ಕಾವತಿ ಏಕೆ ಬತ್ತುತ್ತಿದೆ ಎಂದು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಮಳೆಯನ್ನು ದೂರಲಿಲ್ಲ. ಅಂತರ್ಜಲ ಸೂರೆ, ನೀಲಗಿರಿ, ಹಳ್ಳಗಳಿಗೆ ಅಡ್ಡಲಾಗಿ ಎದ್ದ ತಡೆಗಳು: ಕಾರಣಗಳನ್ನು ಅವರು ಕಂಡದ್ದು ನೆಲದ ಮೇಲೆಯೇ. ತಿಪ್ಪಗೊಂಡನಹಳ್ಳಿಯ ಜಲಾನಯನವನ್ನು ಉಳಿಸಲು 2003ರ ನವೆಂಬರ್‌ನಲ್ಲಿ ಸರ್ಕಾರ ಆದೇಶವನ್ನೂ ಹೊರಡಿಸಿತ್ತು. ಅಷ್ಟರಲ್ಲಿ ಜಲಾಶಯಕ್ಕೆ ಬರುವ ನೀರು ತೀರ ಸೊರಗಿತ್ತು.

ನಕ್ಷೆ ಈಗ ಯಾರ ಗುಟ್ಟೂ ಅಲ್ಲ. ದೀರ್ಘಕಾಲ ಗಡಿ ಮತ್ತು ಕರಾವಳಿಯ ಹಾಳೆಗಳನ್ನು ಸಾಮಾನ್ಯರಿಗೆ ಕೊಡುತ್ತಿರಲಿಲ್ಲ. 2005ರ ರಾಷ್ಟ್ರೀಯ ನಕ್ಷಾ ನೀತಿ ಸೇನೆಗೊಂದು, ಸಾರ್ವಜನಿಕರಿಗೊಂದು ಎಂದು ಎರಡು ಸರಣಿ ಮಾಡಿತು. 2017ರಿಂದ ಸಾರ್ವಜನಿಕ ಸರಣಿಯ ಹಾಳೆಗಳನ್ನು ಇಲಾಖೆ ಉಚಿತವಾಗಿಯೇ ಕೊಡುತ್ತಿದೆ. 2021ರ ಮಾರ್ಗಸೂಚಿ ಇನ್ನಷ್ಟು ಬಾಗಿಲು ತೆರೆಯಿತು. ಕೊರತೆ ಇರುವುದು ಓದುವವರದು. ಪಿಯುಸಿ ಭೂಗೋಳದ ಪ್ರಾಯೋಗಿಕ ಪರೀಕ್ಷೆಗೆ ಎಲ್ಲಿಯದೋ ಊರಿನ ಹಾಳೆಯ ಮೇಲೆ ಅಂಕ ಗಳಿಸಿ ಮರೆಯುವ ಬದಲು, ಮಾಗಡಿಯ ಹುಡುಗಿ 57 ಎಚ್/1ರಲ್ಲಿ ತನ್ನೂರಿನ ಕೆರೆಯ ಕೋಡಿ ಯಾವ ಹಳ್ಳಕ್ಕೆ ಬೀಳುತ್ತದೆಂದು ಹುಡುಕಿದರೆ ಆ ಪಾಠ ಬೇರೆಯೇ ಆದೀತು.

ಕೋಟೆ ಹಿಡಿಯಲು ಬೇಕಾದ ನಕ್ಷೆಯಾಗಿ ಇದು ಹುಟ್ಟಿತು ಎಂಬುದನ್ನು ನಾನು ಮರೆತಿಲ್ಲ. ಆದರೂ ಈ ಬೆಟ್ಟಸೀಮೆಯ ನೀರು ನೂರು ವರ್ಷದ ಹಿಂದೆ ಎಲ್ಲಿ ಹರಿಯುತ್ತಿತ್ತು ಎಂಬುದಕ್ಕೆ ಇಷ್ಟು ನಿಖರವಾದ, ಯಾರ ಹಂಗೂ ಇಲ್ಲದ ಸಾಕ್ಷಿ ನಮ್ಮಲ್ಲಿ ಮತ್ತೊಂದಿಲ್ಲ. ಮಾಗಡಿ, ನೆಲಮಂಗಲ, ರಾಮನಗರ, ಕನಕಪುರ ತಾಲ್ಲೂಕುಗಳ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೂ ಆಯಾ ಸೀಮೆಯ ಹಳೆಯ ಅಂಗುಲದ ಹಾಳೆ, ಹೊಸ ಹಾಳೆ ಎರಡೂ ಇರಬೇಕು, ಊರುಗಳ ಹೆಸರು ಕನ್ನಡದಲ್ಲಿರಬೇಕು. ಬಡಾವಣೆಗೋ ಕ್ವಾರಿಗೋ ರಸ್ತೆಗೋ ಅರ್ಜಿ ಬಂದಾಗ ಗ್ರಾಮಸಭೆ ಸೇರಿ ಆ ಕಪ್ಪು ಎಳೆಗಳನ್ನು ಸರ್ವೆ ನಂಬರಿನ ಜೊತೆ ತಾಳೆ ನೋಡಿದ ಮೇಲೆಯೇ ಕಡತ ಮುಂದಕ್ಕೆ ಹೋಗಬೇಕು.